ಮಿಲಿಟ್ರಿ ಒಂದೇ, ಸಲಾಮು ಮೂರು ಬಗೆ

ಕೊಡಗಿನಲ್ಲಿ ಯಾರ ಮನೆಯ ಹುಡುಗ ಸೇನೆ ಸೇರಿದರೂ ಊರು ಹೇಳುವುದು ಒಂದೇ ಮಾತು: ‘ಮಿಲಿಟ್ರಿಗೆ ಹೋದ.’ ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್ ತರಬೇತಿಗೆ ಹೋದವನೂ ಮಿಲಿಟ್ರಿ, ಒಡಿಶಾದ ಚಿಲ್ಕಾದಲ್ಲಿ ನಾವಿಕನಾಗಲು ಹೋದವನೂ ಮಿಲಿಟ್ರಿ. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟ್ ಸೇರಿದವನಂತೂ ಸರಿಯೇ ಸರಿ. ಮೂವರೂ ಮೊದಲ ರಜೆಗೆ ಬಂದಾಗ ಬಾಯಿ ಬಿಟ್ಟರೆ ಸಾಕು, ಯಾರು ಎಲ್ಲಿಂದ ಬಂದವರು ಎಂಬುದು ತಿಳಿಯುತ್ತದೆ. ತಾನು ಉಣ್ಣುವ ಅಡುಗೆ ತಯಾರಾಗುವ ಜಾಗವನ್ನು ಒಬ್ಬ ಲಂಗರ್ ಅನ್ನುತ್ತಾನೆ, ಒಬ್ಬ ಗ್ಯಾಲಿ ಅನ್ನುತ್ತಾನೆ, ಇನ್ನೊಬ್ಬ ಏರ್‌ಮೆನ್ ಮೆಸ್ ಅನ್ನುತ್ತಾನೆ. ಅವ್ವ ಮೂವರಿಗೂ ಅದೇ ಅಕ್ಕಿ ಒಟ್ಟಿ ಹಾಕುತ್ತಾಳೆ, ಅದು ಬೇರೆ ವಿಷಯ.

ಪ್ರತಿ ಮೂರನೇ ಮನೆಯ ಗೋಡೆಯಲ್ಲೂ ಸಮವಸ್ತ್ರದ ಫೋಟೊ ತೂಗುವಂತಿರುವ ಈ ಜಿಲ್ಲೆಯಲ್ಲೂ ಈ ವ್ಯತ್ಯಾಸಗಳನ್ನು ಯಾರೂ ಕೂತು ವಿವರಿಸುವುದಿಲ್ಲ. ಹೀಗಾಗಿ ಮದುವೆ ಕಾಗದದಲ್ಲಿ ಹುದ್ದೆ ತಪ್ಪಾಗುತ್ತದೆ, ವೇದಿಕೆಯಲ್ಲಿ ಸಂಬೋಧನೆ ತಪ್ಪಾಗುತ್ತದೆ, ಶಾಲೆಯ ಮಕ್ಕಳ ಕವಾಯತಿನಲ್ಲಿ ಕೈ ತಪ್ಪಾಗುತ್ತದೆ. ಕೈಯಿಂದಲೇ ಶುರು ಮಾಡೋಣ.

ಆರ್ಮಿಯ ಸೆಲ್ಯೂಟಿನಲ್ಲಿ ಅಂಗೈ ಪೂರ್ತಿ ಎದುರಿನವರ ಕಡೆಗೆ ತೆರೆದಿರುತ್ತದೆ. ಬಲತೋಳು ನೆಟ್ಟಗೆ ಪಕ್ಕದಿಂದ ಭುಜದ ಮಟ್ಟಕ್ಕೆ ಏರುತ್ತದೆ, ಆಮೇಲೆ ಮೊಣಕೈ ಮಾತ್ರ ಮಡಚುತ್ತದೆ, ಬೆರಳ ತುದಿ ಬಲ ಹುಬ್ಬಿನ ಹೊರ ಅಂಚಿಗೆ ಬಂದು ನಿಲ್ಲುತ್ತದೆ. ಹೆಬ್ಬೆರಳೂ ಸೇರಿ ಐದು ಬೆರಳೂ ಅಂಟಿಕೊಂಡಿರಬೇಕು. ಏರುವಾಗ ದೂರದ ದಾರಿ, ಇಳಿಯುವಾಗ ಹತ್ತಿರದ ದಾರಿ: ಇಳಿಸುವಾಗ ತೋಳನ್ನು ಮತ್ತೆ ಪಕ್ಕಕ್ಕೆ ಚಾಚುವುದಿಲ್ಲ, ಮುಂದಿನಿಂದ ನೇರ ಕೆಳಗೆ. ಉಸ್ತಾದ್ ಇದನ್ನು ‘ಏಕ್, ದೋ-ತೀನ್, ಏಕ್’ ಎಂಬ ಎಣಿಕೆಯಲ್ಲಿ ಕಲಿಸುತ್ತಾನೆ. ಕೈ ಏರುವುದು ಮೊದಲ ಏಕ್‌ಗೆ, ಇಳಿಯುವುದು ಕೊನೆಯ ಏಕ್‌ಗೆ, ನಡುವಿನ ದೋ-ತೀನ್ ನಿಲ್ಲುವ ಹೊತ್ತು. ಎನ್‌ಸಿಸಿ ಆರ್ಮಿ ವಿಂಗಿನ ಮಕ್ಕಳು ಎಡವುವುದು ಬಹುತೇಕ ಈ ನಡುವಿನ ಹೊತ್ತಿನಲ್ಲೇ. ಕೈ ಏರಿದ ಕೂಡಲೇ ಇಳಿದುಬಿಡುತ್ತದೆ, ನೊಣ ಓಡಿಸಿದ ಹಾಗೆ. ಎರಡನೆಯ ತಪ್ಪು, ಕೈ ತಲೆಯ ತನಕ ಹೋಗುವ ಬದಲು ತಲೆಯೇ ಕೈಯ ಕಡೆಗೆ ವಾಲುವುದು. ಮೂರನೆಯದು, ಮೊಣಕೈ ಮುಂದಕ್ಕೆ ಜಾರುವುದು. ಹಾಗೆ ಜಾರಿದರೆ ಮಣಿಕಟ್ಟು ತಾನಾಗಿ ಮುರಿದಂತೆ ಬಾಗುತ್ತದೆ, ಅಂಗೈ ಆಕಾಶ ನೋಡುತ್ತದೆ.

ನೇವಿಯಲ್ಲಿ ಅಂಗೈ ಕಾಣಿಸುವುದೇ ಇಲ್ಲ. ನೆಲಕ್ಕೆ ಮುಖ ಮಾಡಿರುತ್ತದೆ. ಹಾಯಿಹಡಗಿನ ಕಾಲದಲ್ಲಿ ಹಗ್ಗಕ್ಕೆ ಟಾರು, ಯಂತ್ರದ ಕಾಲ ಬಂದಮೇಲೆ ಗ್ರೀಸು; ಕರಿ ಹತ್ತಿದ ಅಂಗೈಯನ್ನು ಮೇಲಧಿಕಾರಿಗೆ ತೋರಿಸಬಾರದು ಎಂದು ಹೀಗಾಯಿತು ಎನ್ನುವುದು ನಾವಿಕರ ಪರಂಪರೆಯ ಮಾತು. ಹಡಗಿನ ಓಣಿಯಂಥ ದಾರಿಯಲ್ಲಿ ತೋಳನ್ನು ಪಕ್ಕಕ್ಕೆ ಪೂರ್ತಿ ಚಾಚಿದರೆ ಗೋಡೆಗೋ ಪೈಪಿಗೋ ಬಡಿಯುತ್ತದೆ ಎಂಬುದೂ ಸೇರಿಕೊಂಡಿದೆ. ಈ ಎರಡನೆಯ ಕಾರಣ ಗಟ್ಟಿ. ಯುದ್ಧನೌಕೆಯೊಳಗೆ ಒಮ್ಮೆ ಓಡಾಡಿದವರು ಒಪ್ಪಿಯೇ ಒಪ್ಪುತ್ತಾರೆ.

ಏರ್‌ಫೋರ್ಸಿನದು ನಡುವಿನ ದಾರಿ, ಅಂಗೈ ನೆಲಕ್ಕೆ 45 ಡಿಗ್ರಿ ಕೋನದಲ್ಲಿ. ಇದು ಹಳೆಯದಲ್ಲ, 2006ರ ಮಾರ್ಚಿನಲ್ಲಿ ಬಂದದ್ದು. ಅದಕ್ಕೂ ಮೊದಲು ವಾಯುಪಡೆಯವರೂ ಆರ್ಮಿಯವರ ಹಾಗೆಯೇ ಅಂಗೈ ತೆರೆದು ಸೆಲ್ಯೂಟ್ ಹೊಡೆಯುತ್ತಿದ್ದರು. ಆದ್ದರಿಂದ ಮಡಿಕೇರಿಯ ಯಾವುದಾದರೂ ಸಮಾರಂಭದಲ್ಲಿ ನೀಲಿ ಟೋಪಿಯ ಹಿರಿಯರೊಬ್ಬರು ಅಂಗೈ ತೆರೆದು ಸೆಲ್ಯೂಟ್ ಮಾಡಿದರೆ ಅವರು ಮರೆತಿದ್ದಾರೆ ಎಂದುಕೊಳ್ಳಬೇಡಿ. ಅವರು 2006ಕ್ಕೆ ಮೊದಲೇ ಪೆನ್ಷನ್ ಬಂದವರು ಎಂದು ಲೆಕ್ಕ ಹಾಕಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಇಪ್ಪತ್ತು ವರ್ಷ ಒಂದೇ ಕೋನದಲ್ಲಿ ಏರಿದ ಕೈ ಸುತ್ತೋಲೆ ಓದಿ ಬದಲಾಗುವುದಿಲ್ಲ.

ಮೂರೂ ಪಡೆಗಳಲ್ಲಿ ಸಮಾನವಾದ ಒಂದು ನಿಯಮವಿದೆ, ಹೊರಗಿನವರು ಹೆಚ್ಚು ಮುರಿಯುವುದೂ ಅದನ್ನೇ. ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ಕೈಯ ಸೆಲ್ಯೂಟ್ ಇಲ್ಲ. ಬೆರೆ ಟೋಪಿಯೋ ಪೀಕ್ ಕ್ಯಾಪೋ ಸಿಖ್ಖರ ಪಗಡಿಯೋ ಇದ್ದರೆ ಸರಿ, ಬರಿದಲೆಯಾದರೆ ಸಾವಧಾನ್ ನಿಂತು ‘ಜೈ ಹಿಂದ್’ ಎಂದರೆ ಅದೇ ವಂದನೆ. ಸಿನಿಮಾದಲ್ಲಿ ಬರಿದಲೆಯ ನಾಯಕ ಸೆಲ್ಯೂಟ್ ಹೊಡೆದಾಗ ಊರಿನ ನಿವೃತ್ತ ಹವಾಲ್ದಾರರು ಟಿವಿ ಮುಂದೆ ನಾಲಿಗೆ ಕಚ್ಚಿಕೊಳ್ಳುವುದು ಇದಕ್ಕೇ. (ಅಮೆರಿಕದ ಚಿತ್ರ ನೋಡಿ ಅದನ್ನು ಇಲ್ಲಿಗೆ ತರುವವರಿದ್ದಾರೆ, ಅಲ್ಲಿಯ ನಿಯಮ ಅಲ್ಲಿಗೆ.) ಸಮವಸ್ತ್ರದಲ್ಲೇ ಮನೆಗೆ ಬಂದ ಹುಡುಗ ಹಿರಿಯರ ಕಾಲು ಮುಟ್ಟಬೇಕಾದಾಗಲೂ ಇದೇ ನಿಯಮ ದಾರಿ ಮಾಡಿಕೊಡುತ್ತದೆ. ಟೋಪಿ ತೆಗೆದರೆ ಸೇನೆಯ ಲೆಕ್ಕ ಮುಗಿಯಿತು. ಆಮೇಲೆ ಬಗ್ಗಿ ಮೂರು ಸಲ ಪಾದ ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು ಮನೆಯ ಲೆಕ್ಕ.

ಕೈಗಿಂತ ಬಾಯಿಯ ವಿಷಯ ಹೆಚ್ಚು ಸ್ವಾರಸ್ಯದ್ದು. ‘ಜೈ ಹಿಂದ್’ ಎಲ್ಲರಿಗೂ ಸೇರಿದ್ದು. ಏರ್‌ಫೋರ್ಸ್, ನೇವಿಯಲ್ಲಿ ಅದರ ಜೊತೆಗೆ ‘ಗುಡ್ ಮಾರ್ನಿಂಗ್ ಸರ್’ ಧಾರಾಳವಾಗಿ ಓಡಾಡುತ್ತದೆ. ಆರ್ಮಿಯ ಪದಾತಿ ದಳದಲ್ಲಿ ಮಾತ್ರ ವಂದನೆಗೆ ರೆಜಿಮೆಂಟಿನ ಬಣ್ಣ ಹತ್ತಿರುತ್ತದೆ. ‘ರಾಮ್ ರಾಮ್ ಸಾಬ್’ ಎನ್ನುವ ಪಲ್ಟನ್ ಇದೆ, ‘ಸತ್ ಶ್ರೀ ಅಕಾಲ್’ ಎನ್ನುವ ಪಲ್ಟನ್ ಇದೆ, ಗಢ್‌ವಾಲಿಗಳಿಗೆ ಬದರೀನಾಥನ ಹೆಸರು. ಯುದ್ಧಘೋಷಗಳೂ ಹಾಗೆಯೇ: ಮರಾಠಾ ಲೈಟ್ ಇನ್‌ಫೆಂಟ್ರಿಗೆ ಛತ್ರಪತಿ ಶಿವಾಜಿ, ಕುಮಾವೂಂಗೆ ಕಾಳಿಕಾ ಮಾತೆ, ಗೂರ್ಖರಿಗೆ ‘ಜೈ ಮಹಾಕಾಳಿ, ಆಯೋ ಗೋರ್ಖಾಲಿ’. ಮದ್ರಾಸ್ ರೆಜಿಮೆಂಟಿನದು ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’. ಕನ್ನಡದ ಹುಡುಗನಿಗೆ ‘ಕೊಲ್ಲು’ ಕೂಡಲೇ ಅರ್ಥವಾಗುತ್ತದೆ, ‘ಅಡಿ’ ಮಾತ್ರ ಪಾದವಾಗಿಯೋ ಕೆಳಗಾಗಿಯೋ ಕೇಳಿಸಿ ಗೊಂದಲ. ಅದು ತಮಿಳು, ಮಲಯಾಳದ ‘ಹೊಡೆ’. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ದಳ) ಕೇಂದ್ರದಲ್ಲಿ ತರಬೇತಾದವನು ಯಾವ ಭಾಷೆಯವನೇ ಆಗಿರಲಿ, ಆರ್ಮಿಯುದ್ದಕ್ಕೂ ಅವನಿಗೆ ‘ತಂಬಿ’ ಎಂದೇ ಹೆಸರು. ಐವತ್ತು ದಾಟಿ ಮೊಮ್ಮಕ್ಕಳಾದ ಮೇಲೂ ಹಳೆಯ ಸ್ನೇಹಿತರು ಫೋನ್ ಮಾಡಿದರೆ ತಂಬಿಯೇ.

ಕೊಡಗಿನವರ ಮಾತು ಇಷ್ಟು ಹರಿಹಂಚಾಗಲು ಕಾರಣವಿದೆ. ನಮ್ಮ ಹೆಸರಿನದೇ ಆದ ಪದಾತಿ ರೆಜಿಮೆಂಟ್ ಇಂದು ಇಲ್ಲ. ಹುಡುಗರು ಎಲ್ಲೆಲ್ಲಿ ಸೇರಿದರೋ ಅಲ್ಲಲ್ಲಿಯ ದೇವರನ್ನು, ಅಲ್ಲಲ್ಲಿಯ ಬೈಗುಳವನ್ನು ಬಾಯಿಗೆ ಹಾಕಿಕೊಂಡು ಬಂದರು. ಕೊಡಂದೇರ ಒಕ್ಕದ, ಅಂದರೆ ಮನೆತನದ, ಇಬ್ಬರನ್ನೇ ತೆಗೆದುಕೊಳ್ಳಿ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹೆಸರು ನಿಂತದ್ದು ರಜಪೂತ್ ರೆಜಿಮೆಂಟಿನ ಜೊತೆಗೆ, ಜನರಲ್ ಕೆ.ಎಸ್. ತಿಮ್ಮಯ್ಯನವರದು ಹೈದರಾಬಾದ್ ರೆಜಿಮೆಂಟ್, ಅಂದರೆ 1945ರಿಂದಾಚೆಗೆ ಕುಮಾವೂಂ ಎಂದು ಕರೆಸಿಕೊಂಡದ್ದು. ಒಂದೇ ಒಕ್ಕ, ಎರಡು ಘೋಷ. ಅಡ್ಡಹೆಸರು ಕೊಡುವುದರಲ್ಲಿ ಆಫೀಸರ್ ಮೆಸ್ ಯಾರನ್ನೂ ಬಿಡುವುದಿಲ್ಲ. ಕಾರ್ಯಪ್ಪ ಎಂದು ಉಚ್ಚರಿಸಲಾಗದ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಯ ಬಾಯಲ್ಲಿ ಅವರು ‘ಕಿಪ್ಪರ್’ ಆದರು, ತಿಮ್ಮಯ್ಯ ‘ಟಿಮ್ಮಿ’ ಆದರು. ಕೊಡಗಿನಲ್ಲಿ ಒಕ್ಕದ ಹೆಸರು ಮುಂದೆ ಬಂದು ಮನುಷ್ಯನ ಹೆಸರು ಹಿಂದೆ ನಿಲ್ಲುತ್ತದೆ. ಸೇನೆಯ ದಾಖಲೆಯಲ್ಲಿ ಆ ಒಕ್ಕ ಒಂದು ಇನಿಷಿಯಲ್ ಆಗಿ ಕುಗ್ಗುತ್ತದೆ. ಮೆಸ್ಸಿನಲ್ಲಿ ಅದೂ ಹೋಗಿ ‘ಕೂರ್ಗಿ’ ಉಳಿಯುತ್ತದೆ.

ಇನ್ನು ‘ಸಾಬ್’. ಆರ್ಮಿಯಲ್ಲಿ ಈ ಒಂದು ಶಬ್ದ ಹೊರುವ ಭಾರ ದೊಡ್ಡದು. ಜವಾನ ಆಫೀಸರನ್ನೂ ಸಾಬ್ ಎನ್ನುತ್ತಾನೆ, ಸುಬೇದಾರನನ್ನೂ ಸಾಬ್ ಎನ್ನುತ್ತಾನೆ. ನಿನ್ನೆ ಮೊನ್ನೆ ಎರಡು ಸ್ಟಾರ್ ಹಾಕಿಕೊಂಡು ಬಂದ ಇಪ್ಪತ್ತಮೂರರ ಲೆಫ್ಟಿನೆಂಟ್‌ಗೆ ನಲವತ್ತೈದರ ಸುಬೇದಾರ ಸೆಲ್ಯೂಟ್ ಹೊಡೆಯುತ್ತಾನೆ; ಆ ಲೆಫ್ಟಿನೆಂಟ್ ಉತ್ತರಿಸುವಾಗ ‘ಜೈ ಹಿಂದ್, ಸಾಬ್’ ಎನ್ನುತ್ತಾನೆ. ಹುದ್ದೆ ಕೆಳಗಿನಿಂದ ಮೇಲೆ ಹೋಗುತ್ತದೆ, ಗೌರವ ಎರಡೂ ಕಡೆಗೆ ಹರಿಯುತ್ತದೆ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಈ ಮೂರು ಜೆಸಿಒ ಹುದ್ದೆಗಳು, ಅಂದರೆ ಜವಾನರಿಗೂ ಆಫೀಸರರಿಗೂ ನಡುವಿನವು, ನೇವಿಯಲ್ಲೂ ಏರ್‌ಫೋರ್ಸಿನಲ್ಲೂ ಈ ಹೆಸರಿನಲ್ಲಿಲ್ಲ. ಅಲ್ಲಿ ಆ ಎತ್ತರದಲ್ಲಿ ಕೂತವರು ಮಾಸ್ಟರ್ ಚೀಫ್ ಪೆಟಿ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್. ಅವರನ್ನು ಸಾಬ್ ಎಂದು ಕರೆದರೆ ಅವಮಾನವೇನಲ್ಲ, ಆದರೆ ಕಿವಿಗೆ ಒಗ್ಗದ ಮಾತು. ಸರ್ ಎಂದರೆ ನೆಟ್ಟಗೆ. ಹಡಗಿನಲ್ಲಿ ‘ಚೀಫ್’ ಅಂದರೆ ಚೀಫ್ ಪೆಟಿ ಆಫೀಸರ್. ಆರ್ಮಿಯವನ ಕಿವಿಗೆ ಅದೇ ‘ಚೀಫ್’ ದೆಹಲಿಯಲ್ಲಿ ಕೂತ ಸೇನಾ ಮುಖ್ಯಸ್ಥ. ಇಬ್ಬರು ಗೆಳೆಯರು ‘ನಮ್ಮ ಚೀಫ್ ಬೈದ’ ಎಂದು ಮಾತಾಡಿಕೊಳ್ಳುವಾಗ ಇಬ್ಬರ ಕಣ್ಣ ಮುಂದಿನ ಮನುಷ್ಯನೂ ಬೇರೆ.

ಆರ್ಮಿಯೊಳಗೇ ಮತ್ತೆ ಒಡಕು. ಟ್ಯಾಂಕಿನವರು ಇಂದಿಗೂ ಕುದುರೆಯ ಭಾಷೆ ಬಿಟ್ಟಿಲ್ಲ: ಸಿಪಾಯಿಗೆ ಸವಾರ್, ಹವಾಲ್ದಾರನಿಗೆ ದಫಾದಾರ್, ಸುಬೇದಾರನಿಗೆ ರಿಸಾಲ್ದಾರ್. ಪದಾತಿಯಲ್ಲಿ ಕಂಪನಿ ಎನ್ನುವುದು ಫಿರಂಗಿಯಲ್ಲಿ ಬ್ಯಾಟರಿ, ಟ್ಯಾಂಕಿನಲ್ಲಿ ಸ್ಕ್ವಾಡ್ರನ್. ‘ರೆಜಿಮೆಂಟ್’ ಪದ ಇನ್ನೂ ಮೋಸದ್ದು. ಪದಾತಿಯವನಿಗೆ ರೆಜಿಮೆಂಟ್ ಎಂದರೆ ಹತ್ತಿಪ್ಪತ್ತು ಬೆಟಾಲಿಯನ್‌ಗಳ ದೊಡ್ಡ ಮನೆತನ, ಫಿರಂಗಿಯವನಿಗೆ ಒಂದೇ ಒಂದು ಯೂನಿಟ್. ಯಾರಾದರೂ ‘ನಮ್ಮ ರೆಜಿಮೆಂಟಿನಲ್ಲಿ ಎಲ್ಲರೂ ಪರಿಚಯ’ ಎಂದರೆ ಅವರು ಗನ್ನರ್, ಅಂದರೆ ಫಿರಂಗಿಯವರು, ಇರಬೇಕು. ಪದಾತಿಯವರು ಹಾಗೆ ಹೇಳಲು ಸಾಧ್ಯವಿಲ್ಲ.

ಮದುವೆ ಕಾಗದದ ವಿಷಯಕ್ಕೆ ಬರೋಣ, ಏಕೆಂದರೆ ಕೊಡಗಿನಲ್ಲಿ ಹುದ್ದೆ ಹೆಚ್ಚು ಅಚ್ಚಾಗುವುದು ಅಲ್ಲೇ. ಒಂದೇ ಚಪ್ಪರದಡಿ ನಾಲ್ಕು ಕ್ಯಾಪ್ಟನ್‌ಗಳು ಇರಬಹುದು, ನಾಲ್ವರೂ ಬೇರೆ. ಆರ್ಮಿಯ ಕ್ಯಾಪ್ಟನ್ ಮೂರು ಸ್ಟಾರಿನ ಎಳೆಯ ಆಫೀಸರ್. ನೇವಿಯ ಕ್ಯಾಪ್ಟನ್ ನಾಲ್ಕು ಪಟ್ಟಿಯ ಹಿರಿಯ, ಆರ್ಮಿಯ ಕರ್ನಲ್‌ಗೆ, ಏರ್‌ಫೋರ್ಸಿನ ಗ್ರೂಪ್ ಕ್ಯಾಪ್ಟನ್‌ಗೆ ಸಮ. ಮೂರನೆಯವರು ಆನರರಿ ಕ್ಯಾಪ್ಟನ್: ದಶಕಗಳ ಸೇವೆಯ ಕೊನೆಗೆ ಜನವರಿ 26ಕ್ಕೋ ಆಗಸ್ಟ್ 15ಕ್ಕೋ ಗೌರವವಾಗಿ ಆ ಪದವಿ ಪಡೆದ ಜೆಸಿಒ. ನಾಲ್ಕನೆಯವರು ವಿಮಾನ ಕಂಪನಿಯ ಪೈಲಟ್. ನೇವಿಯಲ್ಲಿ ಇನ್ನೊಂದು ಸುತ್ತು ಇದೆ: ಹಡಗಿನ ಹೊಣೆ ಹೊತ್ತವರು ಹುದ್ದೆಯಲ್ಲಿ ಕಮಾಂಡರ್ ಆಗಿದ್ದರೂ ಆ ಹಡಗಿನವರ ಬಾಯಲ್ಲಿ ಅವರೇ ಕ್ಯಾಪ್ಟನ್. ‘ಲೆಫ್ಟಿನೆಂಟ್’ ಕೂಡ ಹೀಗೆಯೇ ಕಾಲಿಗೆ ತೊಡರುತ್ತದೆ. ಆರ್ಮಿಯ ಲೆಫ್ಟಿನೆಂಟ್‌ಗೆ ಎರಡು ಸ್ಟಾರ್, ನೇವಿಯ ಲೆಫ್ಟಿನೆಂಟ್‌ಗೆ ಎರಡು ಪಟ್ಟಿ. ಎರಡೆರಡೇ ಕಂಡರೂ ನೇವಿಯವನು ಒಂದು ಮೆಟ್ಟಿಲು ಮೇಲೆ, ಆರ್ಮಿಯ ಕ್ಯಾಪ್ಟನ್‌ಗೆ ಸಮ. ಆದ್ದರಿಂದ ನೇವಿಯವರ ಹೆಸರು ಅಚ್ಚಿಗೆ ಕೊಡುವಾಗ ಹುದ್ದೆಯ ಪಕ್ಕ ‘ಭಾರತೀಯ ನೌಕಾಪಡೆ’ ಎಂದು ಸೇರಿಸುವುದು ಡೌಲಲ್ಲ, ಅಗತ್ಯ.

ನಿವೃತ್ತರ ಹೆಸರಿಗೆ ‘ನಿವೃತ್ತ’ ಎಲ್ಲಿ ಸೇರಿಸಬೇಕು? ಹೆಸರಿನ ಕೊನೆಗೆ. ‘ಕರ್ನಲ್ ಇಂಥವರು (ನಿವೃತ್ತ)’ ಸರಿ. ‘ನಿವೃತ್ತ ಕರ್ನಲ್ ಇಂಥವರು’ ಎಂದು ಪತ್ರಿಕೆಗಳು ಬರೆದರೂ ಸೇನೆಯ ಪದ್ಧತಿ ಅದಲ್ಲ. ನಿವೃತ್ತರಾಗುವುದು ಮನುಷ್ಯ, ಹುದ್ದೆಯಲ್ಲ ಎಂಬುದು ಅವರ ತರ್ಕ. ಫೀಲ್ಡ್ ಮಾರ್ಷಲ್‌ಗೆ ಇದೂ ಬೇಡ, ಆ ಪದವಿಗೆ ನಿವೃತ್ತಿಯೇ ಇಲ್ಲ. ಕಾರ್ಯಪ್ಪನವರು ಸೇನಾ ಮುಖ್ಯಸ್ಥರಾದದ್ದು 1949ರ ಜನವರಿ 15ರಂದು, ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ಸೇನೆ ಬಿಟ್ಟು ಮೂರು ದಶಕ ದಾಟಿದ ಮೇಲೆ. 1993ರಲ್ಲಿ ತೀರಿಕೊಳ್ಳುವವರೆಗೂ ಲೆಕ್ಕದಲ್ಲಿ ಅವರು ಸೇವೆಯಲ್ಲಿದ್ದ ಅಧಿಕಾರಿಯೇ. ಅವರ ಹೆಸರಿನ ಮುಂದೆ ‘ನಿವೃತ್ತ’ ಎಂದು ಬರೆದ ಬ್ಯಾನರ್ ಕಂಡರೆ ತಿದ್ದಿಸಿ.

ಹಳೆಯ ಕಾಗದ ಓದುವವರಿಗೊಂದು ಎಚ್ಚರಿಕೆ. ಚೀಫ್ ಕಮಿಷನರ್ ಆಳ್ವಿಕೆಯ ಕೊಡಗಿನಲ್ಲಿ ತಾಲ್ಲೂಕಿನ ಮುಖ್ಯಸ್ಥನಿಗೂ ಸುಬೇದಾರ ಎಂದೇ ಹೆಸರು, ಅವನ ಕೆಳಗೆ ನಾಡುಗಳಿಗೆ ಪಾರುಪತ್ತೇಗಾರರು. ಅಜ್ಜನ ಜಮ್ಮಾ ಜಮೀನಿನ ದಾಖಲೆಯಲ್ಲಿ ಸುಬೇದಾರರ ಸಹಿ ಕಂಡಿತೆಂದು ವಂಶದಲ್ಲಿ ಯೋಧನನ್ನು ಹುಡುಕಲು ಹೊರಟರೆ ಸಿಗುವುದು ಕಂದಾಯ ಅಧಿಕಾರಿ. ಇನ್ನು ‘ಪಟಾಲಂ’. ಇಂದು ಪುಂಡರ ಗುಂಪಿಗೆ ಹೇಳುವ ಈ ಮಾತಿನ ಮೂಲ ಸೇನೆಯ ದಳವೇ. ತಮಿಳು, ಮಲಯಾಳದಲ್ಲಿ ಪಟ್ಟಾಳ ಈಗಲೂ ಮರ್ಯಾದೆಯ ಶಬ್ದ. ಕನ್ನಡದಲ್ಲಿ ಮಾತ್ರ ಅದರ ಮಾನ ಹೋಯಿತು.

ನೇವಿಯ ಮಾತಿಗೆ ಬಂದರೆ ಅದು ಮೂರರಲ್ಲೂ ಹೆಚ್ಚು ಬಿಗಿಯಾದದ್ದು. ಹಡಗಿನಲ್ಲಿ ನೆಲವಿಲ್ಲ, ಡೆಕ್ ಇದೆ. ಗೋಡೆ ಬಲ್ಕ್‌ಹೆಡ್, ಮೆಟ್ಟಿಲು ಲ್ಯಾಡರ್, ಎಡ ಪೋರ್ಟ್, ಬಲ ಸ್ಟಾರ್‌ಬೋರ್ಡ್. ಶೌಚಾಲಯ ಹೆಡ್ಸ್, ಏಕೆಂದರೆ ಹಾಯಿಹಡಗುಗಳಲ್ಲಿ ಅದು ಹಡಗಿನ ಮೂತಿಯಲ್ಲಿ, ತಲೆಯ ಕಡೆ ಇರುತ್ತಿತ್ತು. ಇದು ಬರೀ ಜಂಬದ ಭಾಷೆ ಎಂದು ಆರ್ಮಿಯವರು ನಗುವುದುಂಟು. ಎಡ-ಬಲದ ವಿಷಯದಲ್ಲಿ ಆ ನಗುವಿಗೆ ಆಧಾರವಿಲ್ಲ. ಎದುರುಬದುರು ನಿಂತ ಇಬ್ಬರಿಗೆ ‘ಎಡ’ ಎಂದರೆ ಎರಡು ದಿಕ್ಕು. ಪೋರ್ಟ್ ಎಂದರೆ ಯಾರು ಎತ್ತ ತಿರುಗಿದ್ದರೂ ಹಡಗಿನ ಕೆಂಪು ದೀಪವಿರುವ ಒಂದೇ ಕಡೆ. ಹೊಗೆ ತುಂಬಿದ ಕತ್ತಲಲ್ಲಿ ನೀರಿನ ಪೈಪ್ ಎಳೆಯುವಾಗ ಈ ವ್ಯತ್ಯಾಸ ಜೀವದ್ದು.

ಮಲೆನಾಡಿನ ಮನೆಯವರಿಗೆ ಹೆಚ್ಚು ವಿಚಿತ್ರವೆನಿಸುವುದು ನೇವಿಯ ದಡದ ನೆಲೆಗಳು. ಲೋನಾವಳದ ಐಎನ್‌ಎಸ್ ಶಿವಾಜಿ ಸಹ್ಯಾದ್ರಿಯ ಮೇಲಿದೆ, ಸಮುದ್ರ ಘಟ್ಟದ ಕೆಳಗೆಲ್ಲೋ. ಆದರೂ ಅದು ‘ಹಡಗು’. ಅಲ್ಲಿಯ ನಾವಿಕ ಗೇಟು ದಾಟಿ ಪೇಟೆಗೆ ಚಿಕ್ಕಿ ಕೊಳ್ಳಲು ಹೊರಟರೂ ‘ಅಶೋರ್’ ಹೋದ ಹಾಗೆ, ಅಂದರೆ ದಡಕ್ಕೆ ಇಳಿದ ಹಾಗೆ. ಹೊರಹೋಗುವ ಅನುಮತಿಗೆ ಲಿಬರ್ಟಿ ಎಂದು ಹೆಸರು. ಆರ್ಮಿಯವನಿಗೆ ಅದೇ ಔಟ್‌ಪಾಸ್. ಅರ್ಧ ದಿನದ ರಜೆಗೆ ‘ಮೇಕ್ ಆಂಡ್ ಮೆಂಡ್’ ಎನ್ನುತ್ತಾರೆ. ಬಟ್ಟೆ ಹೊಲಿದುಕೊಳ್ಳಲು, ಹರಿದದ್ದು ತೇಪೆ ಹಾಕಲು ನಾವಿಕರಿಗೆ ಒಂದು ಮಧ್ಯಾಹ್ನ ಬಿಡುವು ಕೊಡುತ್ತಿದ್ದ ಕಾಲದ್ದು. ಈಗ ಯಾರೂ ಹೊಲಿಯುವುದಿಲ್ಲ, ನಿದ್ದೆ ಹೊಡೆಯುತ್ತಾರೆ, ಹೆಸರು ಹಾಗೇ ಇದೆ. ‘ಸ್ಟ್ಯಾಂಡ್ ಈಸಿ’ ಎಂದರೆ ಹಡಗಿನಲ್ಲಿ ಬೆಳಗಿನ ಚಹಾ ವಿರಾಮ. ಪರೇಡ್ ಮೈದಾನದಲ್ಲಿ ಅದು ವಿಶ್ರಾಮದ ನಂತರದ ‘ಆರಾಮ್ ಸೇ’, ಮೈ ಸಡಿಲಿಸಬಹುದು, ಜಾಗ ಬಿಡುವಂತಿಲ್ಲ, ಚಹಾ ಅಂತೂ ಇಲ್ಲ.

ಹಡಗಿನ ಗಡಿಯಾರವೂ ಬೇರೆ. ದಿನವನ್ನು ನಾಲ್ಕು ನಾಲ್ಕು ಗಂಟೆಯ ವಾಚ್‌ಗಳಾಗಿ ಕತ್ತರಿಸಿದರೆ ಆರು ತುಂಡು. ಮೂರು ತಂಡಗಳು ಸರದಿಯಲ್ಲಿ ದುಡಿದರೆ ನಡುರಾತ್ರಿ 12ರಿಂದ 4ರ ಪಾಳಿ ದಿನವೂ ಒಂದೇ ತಂಡದ ತಲೆಗೆ ಬೀಳುತ್ತದೆ. ಅದಕ್ಕೇ ಸಂಜೆ 4ರಿಂದ 8ರ ಪಾಳಿಯನ್ನು ಎರಡು ಗಂಟೆಯ ಎರಡು ‘ಡಾಗ್ ವಾಚ್’ಗಳಾಗಿ ಮುರಿದಿದ್ದಾರೆ. ಆರು ಇದ್ದದ್ದು ಏಳಾಗುತ್ತದೆ, ಸರದಿ ಪ್ರತಿದಿನ ಒಂದು ಹೆಜ್ಜೆ ಜರುಗುತ್ತದೆ. ನೇವಿಯಿಂದ ಬಂದವರ ಊಟ ನಿದ್ದೆಯ ಹೊತ್ತು ಮನೆಯಲ್ಲಿ ವರ್ಷಗಟ್ಟಲೆ ಹಳಿಗೆ ಬರದಿದ್ದರೆ ಕಾರಣ ಬಹುಶಃ ಈ ಏಳನೆಯ ತುಂಡು. ಇನ್ನು ಮೆಚ್ಚುಗೆಗೆ ಅವರ ಮಾತು ‘ಬ್ರಾವೋ ಜುಲು’, ಶಹಭಾಸ್ ಎಂದರ್ಥ. ಪತ್ರದ ಕೊನೆಯಲ್ಲಿ ನೌಕಾಪಡೆಯ ಧ್ಯೇಯವಾಕ್ಯವೇ ವಂದನೆಯಾಗುತ್ತದೆ: ‘ಶಂ ನೋ ವರುಣಃ’.

ಏರ್‌ಫೋರ್ಸಿನ ಬೀಳ್ಕೊಡುಗೆ ‘ಹ್ಯಾಪಿ ಲ್ಯಾಂಡಿಂಗ್ಸ್’. ಹಾರಿದ್ದನ್ನು ಯಾರೂ ಅಭಿನಂದಿಸುವುದಿಲ್ಲ, ಇಳಿದರೆ ಸಾಕು. ಅವರ ನಿತ್ಯದ ಮಾತು ಬಹುಪಾಲು ಇಂಗ್ಲಿಷಿನದು, ಯಂತ್ರದ ಸುತ್ತ ಹುಟ್ಟಿದ್ದು. ನಿಜ ಹೇಳಬೇಕೆಂದರೆ ಮೂರರಲ್ಲಿ ಹೆಚ್ಚು ಒಣಗಿದ್ದೂ ಅದೇ. ವಿಮಾನದಲ್ಲಿ ದೋಷ ಕಂಡರೆ ‘ಸ್ನ್ಯಾಗ್’. ಅದನ್ನು ಬರೆದು ಸಹಿ ಹಾಕಿ, ಸರಿಪಡಿಸಿದವನೂ ಸಹಿ ಹಾಕಿ, ಆಮೇಲೆ ಪೈಲಟ್ ಒಪ್ಪಿಕೊಂಡು ಸಹಿ ಹಾಕಬೇಕಾದ ದಾಖಲೆ ‘ಸೆವೆನ್ ಹಂಡ್ರೆಡ್’, ಅದರ ಫಾರಂ ನಂಬರಿನಿಂದ ಬಂದ ಹೆಸರು. ರನ್‌ವೇಯಲ್ಲಿ ಬಿದ್ದ ಮೊಳೆ, ಕಲ್ಲುಚೂರು ಎಂಜಿನ್ ಒಳಗೆ ಎಳೆದುಕೊಂಡರೆ ಆಗುವ ಹಾನಿಗೆ ‘ಫಾಡ್’. ಇವರು ಕಾಫಿ ಕಣಕ್ಕೆ ಬಂದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟಿದೆ ಎನ್ನುವುದಿಲ್ಲ, ‘ಸ್ನ್ಯಾಗ್ ಇದೆ’ ಎನ್ನುತ್ತಾರೆ. ಸ್ಪ್ಯಾನರನ್ನು ಎಲ್ಲೆಂದರಲ್ಲಿ ಇಟ್ಟ ಕೆಲಸದವನಿಗೆ ಬಯ್ಗುಳ ಖಚಿತ. ಕಾಣೆಯಾದ ಒಂದು ಸ್ಪ್ಯಾನರ್ ವಿಮಾನವನ್ನು ನೆಲಕ್ಕೆ ಕಟ್ಟಿಹಾಕುವ ಜಾಗದಲ್ಲಿ ದುಡಿದವರು ಅವರು. ಹುದ್ದೆಯ ಹೆಸರಲ್ಲೂ ಒಂದು ತಮಾಷೆ: ಸ್ಕ್ವಾಡ್ರನ್ ಲೀಡರ್ ಎಂಬ ಹುದ್ದೆ ಆರ್ಮಿಯ ಮೇಜರ್‌ಗೆ ಸಮ, ಆದರೆ ಇಂದು ಯುದ್ಧವಿಮಾನಗಳ ಸ್ಕ್ವಾಡ್ರನ್ ನಡೆಸುವವರು ಅವರಿಗಿಂತ ಹಿರಿಯರು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿದ ಅಜ್ಜಮಾಡ ದೇವಯ್ಯನವರ ಹೆಸರನ್ನು ಊರು ಹೇಳುವುದೇ ‘ಸ್ಕ್ವಾಡ್ರನ್ ಲೀಡರ್’ ಸೇರಿಸಿ. ಅವರಿಗೆ ಮಹಾವೀರ ಚಕ್ರ ಬಂದದ್ದು 23 ವರ್ಷ ಕಳೆದು, 1988ರಲ್ಲಿ.

ರೇಡಿಯೋ ಮಾತು ಮೂವರಿಗೂ ಸೇರಿದ್ದು, ಸಿನಿಮಾ ಹೆಚ್ಚು ಕೆಡಿಸಿದ್ದೂ ಅದನ್ನೇ. ‘ಓವರ್’ ಎಂದರೆ ನನ್ನದಾಯಿತು, ಈಗ ನೀನು ಹೇಳು. ‘ಔಟ್’ ಎಂದರೆ ಮಾತು ಮುಗಿಯಿತು, ಉತ್ತರ ಬೇಡ. ‘ಓವರ್ ಆಂಡ್ ಔಟ್’ ಎನ್ನುವುದು ‘ಬಾ, ಬರಬೇಡ’ ಎಂದಂತೆ. ‘ರೋಜರ್’ ಎಂದರೆ ಕೇಳಿಸಿತು ಅಷ್ಟೇ. ಹೇಳಿದಂತೆ ಮಾಡುತ್ತೇನೆ ಎನ್ನಲು ‘ವಿಲ್ಕೋ’. ಸರಿಯಾಗಿ ಕೇಳದಿದ್ದರೆ ‘ಸೇ ಅಗೇನ್’ ಎನ್ನಬೇಕು, ‘ರಿಪೀಟ್’ ಎನ್ನಬಾರದು. ಫಿರಂಗಿಯವರ ಕಿವಿಗೆ ‘ರಿಪೀಟ್’ ಎಂದರೆ ಅದೇ ಗುರಿಗೆ ಅಷ್ಟೇ ಗುಂಡು ಮತ್ತೊಮ್ಮೆ ಹಾರಿಸು ಎಂಬ ಆಜ್ಞೆ. ನಿವೃತ್ತ ಗನ್ನರ್ ಒಬ್ಬರಿಗೆ ಫೋನಿನಲ್ಲಿ ‘ರಿಪೀಟ್ ಮಾಡಿ ಮಾವ’ ಎಂದರೆ ಅವರು ಒಂದು ಕ್ಷಣ ಸುಮ್ಮನಾಗುವುದು ಕಿವುಡಿನಿಂದಲ್ಲ.

ಇಷ್ಟೆಲ್ಲ ಹೇಳಿದರೂ ಮನೆಯ ಮಾತಿನೊಳಗೆ ಆಳಕ್ಕೆ ಇಳಿದಿರುವುದು ಆರ್ಮಿಯ ಬೆರಕೆ ಹಿಂದಿಯೇ. ಅದರ ಹರಳುಗಳು ಎಲ್ಲಿಂದೆಲ್ಲಿಂದಲೋ ಬಂದವು: ಪಾರ್ಸಿಯ ಹವಾಲ್ದಾರ್, ಗುರುದ್ವಾರದ ಲಂಗರ್, ಇಂಗ್ಲಿಷಿನ ರಿಕ್ರೂಟ್ ತಿರುಚಿದ ‘ರಂಗ್‌ರೂಟ್’. ಶಿಕ್ಷೆಗೆ ಮೈ ಮುರಿಸುವುದು ‘ರಗಡಾ’, ಬೆನ್ನಿಗೆ ಹೊರೆ ಕಟ್ಟಿ ಓಡಿಸುವುದು ‘ಪಿಟ್ಠೂ’. ‘ಪೆನ್ಷನ್ ಬಂದ’ ಎಂದರೆ ದುಡ್ಡು ಬಂತೆಂದಲ್ಲ, ಮನುಷ್ಯ ಊರಿಗೆ ಬಂದ ಎಂದು. ಜವಾನನ ವರ್ಷ 60 ದಿನದ ಆನ್ಯುಯಲ್, 30 ದಿನದ ಕ್ಯಾಶುಯಲ್ ಎಂದು ಭಾಗವಾಗುತ್ತದೆ. ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ ಮಾತಾಡುತ್ತಾರೆ, ‘ಪುತ್ತರಿ ಹಬ್ಬಕ್ಕೆ ಕ್ಯಾಶುಯಲ್ ಸಿಕ್ಕಿದೆ, ಆನ್ಯುಯಲ್ ಕಾಫಿ ಕುಯ್ಲಿಗೆ ಇಟ್ಟುಕೊಂಡಿದ್ದಾರೆ.’ ಸೇನೆಯ ಹೊರಗಿನ ಜಗತ್ತೆಲ್ಲ ‘ಸಿವಿಲ್’. ಅಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ದೂರು ಆ ಪದದ ಅರ್ಥದೊಳಗೇ ಸೇರಿದೆ.

ಶುಭಾಶಯ ಹೇಳುವುದಿದ್ದರೆ ದಿನ ನೋಡಿ ಹೇಳಿ. ಜನವರಿ 15 ಆರ್ಮಿಯದು, ಅಕ್ಟೋಬರ್ 8 ಏರ್‌ಫೋರ್ಸಿನದು, ಡಿಸೆಂಬರ್ 4 ನೇವಿಯದು, 1971ರ ಕರಾಚಿ ದಾಳಿಯ ನೆನಪಿಗೆ. ಗನ್ನರ್‌ಗಳಿಗೆ ಸೆಪ್ಟೆಂಬರ್ 28 ಬೇರೆಯೇ ಇದೆ, ಪದಾತಿಯವರಿಗೆ ಅಕ್ಟೋಬರ್ 27. ನೇವಿಯವರಿಗೆ ಜನವರಿ 15ರಂದು ಹೂಗುಚ್ಛ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಮುಖ ಮಾತ್ರ ಹೇಳುತ್ತದೆ.

ಕೊನೆಯ ವಂದನೆಯಲ್ಲಿ ಊರಿನ ರೂಢಿ, ಸೇನೆಯ ರೂಢಿ ಒಂದೇ ಅಂಗಳಕ್ಕೆ ಬರುತ್ತವೆ. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಟ್ಟೊಟ್ಟಿಗೆ ಎರಡು. ಅದು ಸುತ್ತಲಿನ ಗುಡ್ಡದವರಿಗೆ ಸುದ್ದಿ. ಕೇಳಿದವರು ಕೆಲಸ ಬಿಟ್ಟು ಹೊರಡುತ್ತಾರೆ. ಸೇವೆಯಲ್ಲಿದ್ದಾಗ ಮಡಿದವನಾದರೆ ಮರುದಿನವೋ ಅದರ ಮಾರನೆಯ ದಿನವೋ ಧ್ವಜ ಹೊದಿಸಿದ ಪೆಟ್ಟಿಗೆಯ ಜೊತೆ ತುಕಡಿ ಬರುತ್ತದೆ. ‘ಸಲಾಮಿ ಶಸ್ತ್ರ್’, ಆಮೇಲೆ ‘ಶೋಕ್ ಶಸ್ತ್ರ್’ ಎಂಬ ಆಜ್ಞೆಗೆ ರೈಫಲ್ಲಿನ ನಳಿಕೆ ತಲೆಕೆಳಗಾಗಿ ನೆಲ ನೋಡುತ್ತದೆ, ಎಲ್ಲರೂ ಒಟ್ಟಾಗಿ ಆಕಾಶಕ್ಕೆ ಮೂರು ಸುತ್ತು ಹಾರಿಸುತ್ತಾರೆ, ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ಎಂಬ ವಿದಾಯದ ರಾಗ. ಧ್ವಜ ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಆಚೆ ಗುಡ್ಡದ ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಕತ್ತಿ ಕೆಳಗಿಟ್ಟು ಸದ್ದು ಎಣಿಸುತ್ತಾರೆ: ಒಂದು, ಎರಡು, ಮೂರು.